ಮಣೂಕದ ಶೆಡ್ಡಿಗೊಂದು ಕ್ಲೌಡ್ ಹುಡುಕಿದ್ದು

ಟಿಣ್.

ಕುಕ್ಕರಿನ ಸೀಟಿಯಲ್ಲ, ಡೋರ್‌ಬೆಲ್ಲೂ ಅಲ್ಲ. ತಿಕೋಟಾದ ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡೊಂದರಲ್ಲಿ ಯಾರಾದರೂ ತಾಡಪತ್ರಿಯ ಪರದೆ ಎತ್ತಿದರೆ, ಇಲ್ಲಿ ವಿಜಯಪುರದಲ್ಲಿ ನಮ್ಮ ಡೈನಿಂಗ್ ಟೇಬಲ್ಲಿನ ಮೇಲಿದ್ದ ಲ್ಯಾಪ್‌ಟಾಪು ಹಾಗೆ ಅನ್ನುತ್ತಿತ್ತು. ಪರದೆ ಇಳಿಸಿದರೆ ಇನ್ನೊಂದು ಟಿಣ್, ಸ್ವಲ್ಪ ದಪ್ಪ ದನಿಯದು. ಸಾರಿಗೆ ಒಗ್ಗರಣೆ ಕೊಡುತ್ತ ನಿಂತಲ್ಲೇ ನಾನು “ಪರದಿ ಎತ್ತಿದ್ರು ನೋಡವಾ” ಎಂದು ಕೂಗಿ ಹೇಳುವಷ್ಟು ಆ ಸದ್ದು ನನಗೆ ರೂಢಿಯಾಗಿಬಿಟ್ಟಿತ್ತು.

ಲ್ಯಾಪ್‌ಟಾಪು ನನ್ನ ತಂಗಿಯ ಮಗಳದು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿಕೊಂಡವಳು, ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಗಳನ್ನು ತಾನೇ ಜೋಡಿಸಿ ದ್ರಾಕ್ಷಿ ಒಣಗಿಸುವ ಶೆಡ್ಡುಗಳಲ್ಲಿ ತೂಗುಹಾಕುತ್ತಿದ್ದಳು. ಒಳಗೆ ಸೆಕೆ ಎಷ್ಟು, ತೇವ ಎಷ್ಟು, ಪರದೆ ಮೇಲಿದೆಯೋ ಕೆಳಗಿದೆಯೋ, ಎಲ್ಲವನ್ನೂ ಆ ಪೆಟ್ಟಿಗೆ ಹೇಳುತ್ತಿತ್ತು. ನನ್ನ ಮನೆ ಬಸ್‌ಸ್ಟ್ಯಾಂಡಿಗೆ ಹತ್ತಿರ, ನನ್ನ ಟೇಬಲ್ಲು ಆರು ಜನರದು, ಉಣ್ಣುವವಳು ನಾನೊಬ್ಬಳು. ಬಂದು ಕೂತಳು. ನನಗೂ ಭಾಳ ಖುಷಿ. ಮಹಿಳಾ ಕಾಲೇಜಿನ ಲೈಬ್ರರಿಯಿಂದ ರಿಟೈರ್ ಆದಮೇಲೆ ನನ್ನನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಈಕೆ ದಿನಾ ಏನಾದರೊಂದು ಕೇಳುತ್ತಿದ್ದಳು.

ಅವಳ ಮೊದಲ ಗಿರಾಕಿ ತಿಕೋಟಾದ ಒಬ್ಬ ಹೆಣ್ಣುಮಗಳು. ಸುತ್ತಲಿನ ನಾಲ್ಕಾರು ತೋಟದವರ ದ್ರಾಕ್ಷಿಯನ್ನು ತನ್ನ ಶೆಡ್ಡಿನ ರ್‍ಯಾಕುಗಳ ಬಲೆಯ ಮೇಲೆ ಹರವಿ, ಒಣಗಿಸಿ ಮಣೂಕ ಮಾಡಿಕೊಡುತ್ತಿದ್ದಳು. ನಾವು ಆಕೆಯನ್ನು ಶೆಡ್ಡಿನ ಅಕ್ಕ ಅಂತಲೇ ಕರೆಯುತ್ತಿದ್ದೆವು. ಶೆಡ್ಡು ನಿಂತಿದ್ದ ಜಾಗ ಮೈದುನರದು, ದುಡಿಮೆ ಆಕೆಯದು. ಅಲ್ಲಿ ಒಂದು ಮಣೂಕ ಕೆಳಗೆ ಬಿದ್ದರೂ ಆಕೆಗೆ ಗೊತ್ತಾಗುತ್ತಿತ್ತು.

ಮೊದಲ ವರ್ಷ ಆದದ್ದು ಇಷ್ಟು. ಮಾಲು ಛಂದ ಹಸಿರಾಗಿ ಬಂದಿತ್ತು. ಹೊರಗೆ ಕಳಿಸುವ ವ್ಯಾಪಾರಿ ಬಂದು, ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ ಹರವಿದ ದಿನದಿಂದ ದಿನದಿನದ ರೆಕಾರ್ಡ್ ತೋರಿಸಿ ಅಂದ. ಆಕೆ ಹೆಮ್ಮೆಯಿಂದ ಫೋನು ಮುಂದೆ ಹಿಡಿದಳು. ಅದರಲ್ಲಿ ಅವತ್ತು ಮುಂಜಾನೆಯದಷ್ಟೇ ಇತ್ತು! ನನ್ನ ತಂಗಿಯ ಮಗಳು ಅನುಕೂಲಕ್ಕಿರಲಿ ಅಂತ ‘ಕ್ಲಿಯರ್’ ಎನ್ನುವ ಬಟನ್ ಇಟ್ಟಿದ್ದಳಲ್ಲ, ಅಕ್ಕ ದಿನಾ ಸಂಜೆ ಕಸ ಗುಡಿಸಿ, ಕೈಕಾಲು ತೊಳೆದು, ದೀಪ ಹಚ್ಚುವ ಮೊದಲು ತಪ್ಪದೆ ಅದನ್ನು ಒತ್ತುತ್ತಿದ್ದಳು.

“ನಿನ್ನಿ ಮುಸುರಿ ಮನ್ಯಾಗ ಇಟ್ಕೊಂಡು ಯಾರರ ದೀಪಾ ಹಚ್ತಾರೇನ್ ಬೇ? ನನಗೇನ ಗೊತ್ತು, ಅದನ್ನ ಜ್ವಾಕಿ ಮಾಡಬೇಕಿತ್ತು ಅಂತ?” ಎಂದು ನನ್ನ ತಂಗಿಯ ಮಗಳನ್ನೇ ಬೈದಳು.

ವ್ಯಾಪಾರಿ ಹೋದ. ಒಳ್ಳೆ ಮಾಲು ಸಾದಾ ಮಾಲಿನೊಳಗೆ ಸೇರಿ ಹೋಯಿತು. ಮೈದುನರು ಹೇಳಿದರು: ಮುಂದಿನ ಸೀಸನ್ನಿಗೂ ಹೀಗೇ ಆದರೆ ಶೆಡ್ಡನ್ನು ಬೇರೆಯವರಿಗೆ ಕೊಡುತ್ತೇವೆ. ಅವತ್ತು ತಿಕೋಟಾದಿಂದ ವಾಪಸ್ ಬಂದ ನಮ್ಮ ಹುಡುಗಿ ಉಣ್ಣಲಿಲ್ಲ. “ಗಲ್ತಿ ಆಕೀದಲ್ಲ ಮೌಶಿ, ನಂದು. ಅಳಸಾಕ ಬರೂವಂಥದ್ದು ನಾನ್ಯಾಕ ಕೊಟ್ಟೆ?” ಅಂದಳು.

ಜನವರಿಯಲ್ಲಿ, ತೋಟಗಳಲ್ಲಿ ಗೊನೆಗೆ ಸಿಹಿ ಇಳಿಯುವ ಹೊತ್ತಿಗೆ, ರೆಕಾರ್ಡ್ ಕೂಡಿಡಲು ಹೊಸ ಸ್ಟೋರೇಜ್ ಆರಿಸುವ ಕೆಲಸ ನಮ್ಮ ಟೇಬಲ್ಲಿಗೆ ಬಂತು. ಒಂದು ತುದಿಯಲ್ಲಿ ಅವಳು, ಇನ್ನೊಂದು ತುದಿಯಲ್ಲಿ ಮೆಂತ್ಯೆಪಲ್ಯ ಬಿಡಿಸುತ್ತ ನಾನು.

“ಹಳೇದು ಡೇಟಾಬೇಸಿನ ಟೇಬಲ್ ಇತ್ತು ಮೌಶಿ. ಎಲ್ಲಾ ಸಾಲಿಗೂ ಅವೇ ಕಾಲಂ ಬೇಕು. ಈ ಪೆಟ್ಟಿಗಿ ಒಮ್ಮೆ ಸೆಕಿ ಹೇಳ್ತದ, ಒಮ್ಮೆ ಪರದಿ ಹೇಳ್ತದ. ಅಕ್ಕ ಅಂತೂ ಬರಿಯಾಕ ಬ್ಯಾಸರ ಅಂತ ಫೋನಿನ್ಯಾಗ ಮಾತಾಡೇ ಕಳಸ್ತಾಳ. ಒಂದರಂಗ ಒಂದಿಲ್ಲ. ಅರ್ಧ ಕಾಲಂ ಖಾಲಿ ಬೀಳ್ತಾವ.”

“ಒಂದಕ್ಕೊಂದು ಏನರ ಸಂಬಂಧ?”

“ಏನಿಲ್ಲ. ಒಂದು ಆದ ಮ್ಯಾಲೆ ಇನ್ನೊಂದು ಆಗ್ತದ, ಅಷ್ಟ.”

“ಹಂಗಾದ್ರ ಅದು ನನ್ನ ಆಕ್ಸೆಷನ್ ರೆಜಿಸ್ಟರ್ ಅಲ್ಲೇನ, ಹುಚ್ಚಿ!”

ಅವಳಿಗೆ ಗೊತ್ತಿರಲಿಲ್ಲ. ಹೇಳಿದೆ. ಲೈಬ್ರರಿಗೆ ಪುಸ್ತಕವೇ ಬರಲಿ, ಮ್ಯಾಪೇ ಬರಲಿ, ಯಾರೋ ಪುಣ್ಯಾತ್ಮರು ದಾನ ಕೊಟ್ಟ ಗ್ಲೋಬೇ ಬರಲಿ, ಬಂದದ್ದಕ್ಕೆ ಮುಂದಿನ ನಂಬರು. ಇಂಕಿನಲ್ಲಿ ಬರೆಯಬೇಕು, ರಬ್ಬರ್ ಮುಟ್ಟುವಂತಿಲ್ಲ. ಪುಸ್ತಕ ಕಳೆದರೂ ಅದರ ಸಾಲು ಹಾಗೇ ಇರುತ್ತದೆ, ಕಳೆದದ್ದನ್ನು ತಾರೀಖು ಹಾಕಿ ಬೇರೆ ಬರೆಯಬೇಕು. ಹುಡುಕಲಿಕ್ಕೆ ಬೇಕಾದ ಕ್ಯಾಟಲಾಗ್ ಕಾರ್ಡುಗಳದು ಬೇರೆ ಕಥೆ. ಅವು ಹರಿದರೆ ರೆಜಿಸ್ಟರ್ ನೋಡಿ ಮತ್ತೆ ಬರೆದುಕೊಳ್ಳಬಹುದು. ರೆಜಿಸ್ಟರೇ ಹೋದರೆ? ಕಾರ್ಡು ಇಟ್ಟುಕೊಂಡು ಇಸ್ಪೀಟು ಆಡಬೇಕು.

ಅವಳು ಲ್ಯಾಪ್‌ಟಾಪು ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದಳು. “ಮೌಶಿ, ನೀ ಇಷ್ಟು ವರ್ಷ ಎಲ್ಲಿದ್ದಿ?”

“ರೆಫರೆನ್ಸ್ ಸೆಕ್ಷನ್‌ದಾಗ” ಅಂದೆ.

ಅಲ್ಲಿಂದ ದಾರಿ ಸಲೀಸಾಯಿತು. ಕ್ಲೌಡಿನಲ್ಲಿ ಆಬ್ಜೆಕ್ಟ್ ಸ್ಟೋರೇಜ್ ಅಂತ ಒಂದಿದೆಯಂತೆ, ದೊಡ್ಡ ಗೋದಾಮು ಇದ್ದ ಹಾಗೆ. ಫೈಲು ಇಡು, ಅದಕ್ಕೊಂದು ವಿಳಾಸ ಕೊಡು. ಒಳಗೆ ಇಟ್ಟ ಫೈಲಿನಲ್ಲಿ ಗೀಚಲು ಬರುವುದಿಲ್ಲ, ಬೇಕಾದರೆ ಇನ್ನೊಂದು ತಂದು ಪಕ್ಕದಲ್ಲಿ ಇಡಬೇಕು. ಅದೇ ನಮ್ಮ ರೆಜಿಸ್ಟರು. ಈ ಗಳಿಗೆಯಲ್ಲಿ ಶೆಡ್ಡಿನ ಸೆಕೆ ಎಷ್ಟು ಅಂತ ಅಕ್ಕನ ಫೋನಿನಲ್ಲಿ ತಟ್ಟನೆ ತೋರಿಸಲು ಮಾತ್ರ ಒಂದು ಸಣ್ಣ ಡೇಟಾಬೇಸು. ಅದು ಕಾರ್ಡು, ಕೆಟ್ಟರೂ ಚಿಂತೆಯಿಲ್ಲ.

ಪ್ರತಿ ಟಿಣ್‌ಗೂ ಒಂದು ಫೈಲು ಮಾಡುತ್ತೇನೆ ಅಂದಳು. “ನಾವು ಒಂದೊಂದು ಪೇಪರಿಗೂ ಒಂದೊಂದು ಬೈಂಡಿಂಗ್ ಹಾಕಸ್ತಿದ್ವೇನು? ತಿಂಗಳದ್ದು ಒಟ್ಟಿಗೆ ಹೊಲಸ್ತಿದ್ವಿ” ಅಂದೆ. ಅವಳು ತಾಸಿಗೊಂದು ಕಟ್ಟು ಮಾಡಿದಳು. ಆಮೇಲೆ ಅವಳ ಕಣ್ಣು ಎಲ್ಲಕ್ಕಿಂತ ಅಗ್ಗದ ಆರ್ಕೈವ್ ಎನ್ನುವುದರ ಮೇಲೆ ಬಿತ್ತು. ಆದರೆ ಅದರಲ್ಲಿ ಇಟ್ಟದ್ದನ್ನು ಹೊರಗೆ ತೆಗೆಯಲು ತಾಸುಗಟ್ಟಲೆ ಕಾಯಬೇಕಂತೆ. ನಮ್ಮ ಲೈಬ್ರರಿಯ ಅಟ್ಟ ನೆನಪಾಯಿತು: ಪುಸ್ತಕ ಮೇಲೆ, ಏಣಿ ಪ್ರಿನ್ಸಿಪಾಲರ ರೂಮಿನಲ್ಲಿ, ಪ್ಯೂನು ರಜೆಯ ಮೇಲೆ. “ವ್ಯಾಪಾರಿ ಅಷ್ಟೊತ್ತು ನಿಂದ್ರತಾನೇನು? ಸೀಸನ್ ಮುಗಿಯೂತನಕ ಕೈಗೆ ಸಿಗೂವಂಗ ಇಡು. ಆಮ್ಯಾಲೆ ಅಟ್ಟಕ್ಕ ಹಾಕು” ಅಂದೆ.

ಕೊನೆಗೆ ಉಳಿದದ್ದು ಬೀಗ. ಒಂದು ವರ್ಷದವರೆಗೆ ಯಾರೂ ಏನನ್ನೂ ಅಳಿಸಲಾಗದಂತೆ ಹಾಕುವ ಬೀಗ, ಹಾಕಿದವಳಿಗೂ ತೆಗೆಯಲು ಬರದಂಥದ್ದು. ಅವಳ ಬೆರಳು ಹಾಗೇ ನಿಂತಿತು. “ನಾ ತಪ್ಪು ಮಾಡಿದ್ರೂ ಹಂಗ ಉಳೀತದ ಮೌಶಿ.” ಕಾನ್ವೆಂಟಿನಲ್ಲಿ ನಮ್ಮ ಹ್ಯಾಂಡ್‌ರೈಟಿಂಗ್ ಸಿಸ್ಟರ್ ಮೇಜಿನ ಮೇಲೆ ರಬ್ಬರ್ ಕಂಡರೆ ಸಾಕು, ಕಿಟಕಿಯಾಚೆ ಒಗೆಯುತ್ತಿದ್ದರು. ‘ಒನ್ ನೀಟ್ ಲೈನ್, ಚೈಲ್ಡ್, ಅಂಡ್ ರೈಟ್ ಅಗೇನ್.’ ಅದನ್ನು ಹೇಳಿದೆ. ಒತ್ತಿಬಿಟ್ಟಳು.

ಹೊಸದನ್ನು ತೋರಿಸಲು ಇಬ್ಬರೂ ತಿಕೋಟಾ ಬಸ್ಸು ಹತ್ತಿದೆವು. ಅಕ್ಕ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಕಸಬರಿಗಿ ಎಲ್ಲಿಟ್ಟೀದಿ?”

“ಈ ಸಲ ಕಸಬರಿಗಿ ಇಲ್ಲಕ್ಕ. ಕ್ಲೌಡಿನ್ಯಾಗ ಹೋಗಿ ಕುಂತದ್ದು ಅಳಸಾಕ ಬರೂದಿಲ್ಲ.”

“ಕ್ಲೌಡ್ ಅಂದ್ರ?”

“ಮೋಡ.”

“ಥೂ ನಿನ್ನ! ಮಣೂಕ ಒಣಗೂ ಹೊತ್ತಿನ್ಯಾಗ ಮೋಡದ ಹೆಸರು ತಗೀತಿಯಲ್ಲ! ಅಕ್ಕೋರ, ಸಾಲಿ ಕಲಿಸೀರೋ ಇಲ್ಲೋ ಈಕಿಗೆ?”

ಮಾರ್ಚಿನಲ್ಲಿ ಮಳೆ ಬಂತು. ಮೋಡದ ಹೆಸರು ತೆಗೆದದ್ದಕ್ಕೇ ಬಂತು ಅಂತ ಆಕೆ ಆಮೇಲೆ ಊರಿಗೆಲ್ಲ ಹೇಳಿದಳು. ಮಧ್ಯಾಹ್ನ ಆಕೆ ರೊಟ್ಟಿ ತಿನ್ನಲು ಮನೆಗೆ ಹೋದಾಗ ಪಡುವಣ ಕಡೆಯ ಪರದೆ ಮೇಲೇ ಉಳಿದಿತ್ತು. ಗಾಳಿಗೆ ಶೆಡ್ಡಿನ ದಾರಿಯಲ್ಲಿ ಗಿಡ ಬಿದ್ದು, ಸುತ್ತುಹಾಕಿ ಓಡಿಬರುವ ಹೊತ್ತಿಗೆ ಎರಡು ತಾಸು ಆಗಿತ್ತು. ನಮ್ಮ ಟೇಬಲ್ಲಿನ ಮೇಲೆ ತೇವದ ಗೆರೆ ಮೇಲೇರುತ್ತಲೇ ಇತ್ತು. ಫೋನು ಹಚ್ಚಿದರೆ ಆಕೆಯದು ಹತ್ತಲಿಲ್ಲ.

ಮರುದಿನ ಮುಂಜಾನೆ ಆಕೆಯೇ ನನಗೆ ಫೋನು ಮಾಡಿದಳು. “ಅಕ್ಕೋರ, ನಿಮ್ಮ ಹುಡುಗಿಗೆ ಹೇಳ್ರಿ. ಆ ಎರಡು ತಾಸು ತಗದುಬಿಡಾಕ ಹೇಳ್ರಿ. ಮೈದುನ್ರು ನೋಡಿದ್ರಂದ್ರ ಶೆಡ್ಡು ಹೋತ್ರಿ ನಂದು.”

ಸ್ಪೀಕರ್ ಮೇಲಿತ್ತು. ನಮ್ಮ ಹುಡುಗಿ ಫೋನಿನ ಕಡೆ ಬಗ್ಗಿ ಹೇಳಿದಳು, “ತಗಿಯಾಕ ಬರೂದಿಲ್ಲಕ್ಕ. ನನಗೂ ಬರೂದಿಲ್ಲ.”

“ದೇವ್ರ ಮರೀತಾನಂತ, ನಿನ್ನ ಡಬ್ಬಿ ಮರಿಯಾಂಗಿಲ್ಲಂತ! ದೊಡ್ಡ ಡಬ್ಬಿ ತಂದಾಳ!” ಫೋನು ಕಟ್ಟಾಯಿತು.

ಎರಡು ದಿನ ಪೆಟ್ಟಿಗೆಯ ಸದ್ದು ಬಂತು, ಆಕೆಯ ದನಿ ಬರಲಿಲ್ಲ. ನಾನು ಒಳಗೊಳಗೇ ಆ ಸಿಸ್ಟರಿಗೂ ಶಾಪ ಹಾಕಿದೆ, ನನಗೂ ಹಾಕಿಕೊಂಡೆ. ರೆಜಿಸ್ಟರಿನಲ್ಲಿ ಪುಸ್ತಕದ ಸಾಲು ಅಳಿಸದೆ ಇಡುವುದು ಬೇರೆ, ಒಬ್ಬಳ ತಪ್ಪನ್ನು ಅಳಿಸದೆ ಇಡುವುದು ಬೇರೆ ಅಲ್ಲವೆ? ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಮೂರನೆಯ ದಿನ ಟೇಬಲ್ಲಿನ ಮೇಲೆ ಆಕೆಯ ದನಿ ಬಂದು ಬಿತ್ತು. ಮಷಿನ್ನಿಗೇ ದಬಾಯಿಸುತ್ತಿದ್ದಳು: “ಕೇಳು ಇಲ್ಲಿ. ಮೊನ್ನಿ ಮಳಿ ಹೊಡದದ್ದು ಪಡುವಣ ಕಡೀ ಎರಡು ರ್‍ಯಾಕ್. ಅವನ್ನ ಬ್ಯಾರೆ ತಗದು ಬ್ಯಾರೆ ಹರವೇನಿ. ಉಳದವಕ್ಕ ಒಂದು ಹನಿ ಮುಟ್ಟಿಲ್ಲ, ಒಂದೊಂದು ಬಲಿ ಮ್ಯಾಲೂ ಕೈಯಾಡಿಸಿ ನೋಡೇನಿ. ಪರದಿ ಎತ್ತಿಟ್ಟು ಹೋದಾಕಿ ನಾನ. ಬರಕೋ.”

ನಮ್ಮ ಹುಡುಗಿ ಅದನ್ನು ನಾಲ್ಕು ಸಲ ಹಚ್ಚಿ ಕೇಳಿದಳು. ಐದನೆಯ ಸಲ ನಾನು ಕೇಳಿದೆ.

ಮಾಲು ಬಬಲೇಶ್ವರದ ಕೋಲ್ಡ್ ಸ್ಟೋರೇಜಿಗೆ ಹೋಯಿತು. ವ್ಯಾಪಾರಿ ಅಲ್ಲಿಗೇ ಬಂದ, ಮೈದುನರೂ ಬಂದರು, ನಾನೂ ಹಟ ಮಾಡಿ ಹೋದೆ. ವ್ಯಾಪಾರಿ ಫೋನಿನಲ್ಲಿ ದಿನದ ಮೇಲೆ ದಿನ ಬೆರಳಾಡಿಸುತ್ತ ಬಂದು ಆ ಎರಡು ತಾಸಿನ ಹತ್ತಿರ ನಿಂತ. “ಇದೇನ್ರಿ?”

ದೊಡ್ಡ ಮೈದುನ ತಲೆ ಎತ್ತಿದ. ಅಕ್ಕ ಸೆರಗು ಬಿಗಿದುಕೊಂಡು, “ಮುಂದ ಕೇಳ್ರಿ” ಅಂದಳು.

ಆಕೆಯ ದನಿ ಆ ತಣ್ಣನೆ ಕೋಣೆಯಲ್ಲಿ ಜೋರಾಗಿ ಹೊರಬಿತ್ತು. ‘ಬರಕೋ’ ಅನ್ನುವಲ್ಲಿಗೆ ವ್ಯಾಪಾರಿ ನಕ್ಕುಬಿಟ್ಟ. “ನಿನ್ನಿಯಿಂದ ಆರು ಶೆಡ್ಡಿನ ರೆಕಾರ್ಡ್ ನೋಡೀನ್ರಿ. ಆರರಾಗೂ ಮಳಿ ಆದ ದಿನಾನ ಇಲ್ಲ. ನಿಮ್ಮೊಬ್ಬರ ಶೆಡ್ಡಿನ ಮ್ಯಾಲ ಅಷ್ಟ ಆತೇನ್ರಿ ಮಳಿ?”

“ನಂದು ಪುಣ್ಯೇದ ಶೆಡ್ರಿ” ಅಂದಳು ಆಕೆ.

ಆ ಎರಡು ರ್‍ಯಾಕಿನದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವನು ಮೊದಲ ದರ್ಜೆಗೇ ಎತ್ತಿದ. ದೊಡ್ಡ ಮೈದುನ ಹೊರಗೆ ಹೋಗಿ ಎಲ್ಲರಿಗೂ ಚಹಾ ಹೇಳಿ ಬಂದ, ಅತ್ತಿಗೆಯ ಕಪ್ಪನ್ನು ತಾನೇ ತಂದು ಕೊಟ್ಟ. ಅದೇ ಅವನ ಮಾತು.

ಬಬಲೇಶ್ವರದ ಬಸ್‌ಸ್ಟ್ಯಾಂಡಿಗೆ ಆಕೆ ನಮ್ಮನ್ನು ಕಳಿಸಲು ಬಂದಳು. ಬಸ್ಸು ಬರುತ್ತಲೂ ಕಿಟಕಿಯಿಂದ ಟವೆಲ್ ಒಗೆದು ನನಗೆ ಸೀಟು ಹಿಡಿದಳು. ಅಲ್ಲಿ ಆಗಲೇ ಕೂತಿದ್ದೆ ಅಂದ ಒಬ್ಬ ಗಂಡಸಿನ ಜೊತೆ ಜಗಳಾಡಿ ಗೆದ್ದಳು. ನನ್ನ ಮಡಿಲಿಗೆ ಕಂದು ತಿರುಗಿದ ಮಣೂಕದ ಒಂದು ಚೀಲ ಹಾಕಿದಳು. “ಬಣ್ಣ ಅಷ್ಟ ಹೋಗೈತ್ರಿ, ರುಚಿ ಎಲ್ಲಿ ಹೋಗ್ತೈತಿ” ಅಂದಳು.

ಆಕೆಯನ್ನು ನಾನು ನೋಡಿದ್ದು ಅದೇ ಕೊನೆ. ಆಮೇಲೆ ನನ್ನ ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತಲು ಒಪ್ಪಲಿಲ್ಲ. ಆಕೆಗೆ ಶೆಡ್ಡು ಬಿಟ್ಟು ಬರಲು ಪುರುಸೊತ್ತಿಲ್ಲ, ಘೋಣಸಗಿ ಕಡೆಯ ತೋಟದವರೂ ಈಗ ಆಕೆಯ ಹತ್ತಿರವೇ ಹಣ್ಣು ತರುತ್ತಾರಂತೆ. ಅವತ್ತು ಬಸ್ಸು ಹೊರಳುವಾಗ ಕಿಟಕಿಯಿಂದ ಬಗ್ಗಿ ನೋಡಿದೆ. ಹೊಸ ರ್‍ಯಾಕಿಗೆ ಬಲೆ ಕೊಳ್ಳಲು ಬಿಸಿಲಿನಲ್ಲಿ ದಬದಬ ಹೊರಟಿದ್ದಳು, ತಲೆಯ ಮೇಲೆ ಸೆರಗು, ಕಿವಿಗೆ ಫೋನು, ಇಡೀ ಬಜಾರಿಗೆ ಕೇಳುವ ಹಾಗೆ: “ಹೂಂ, ನನ್ನ ಕಡೇನ ಐತಿ ಶೆಡ್ಡು! ನೀ ಹಣ್ಣು ತಗೊಂಡು ಬಾ.”