ಮೊಣಕಾಲೆತ್ತರಕ್ಕೆ ಕೊಯ್ದ ಕ್ರ್ಯಾಬ್ ಸೇಬು

ನಾನು ಹಿಮಾಚಲಕ್ಕೆ ಬಂದಿಳಿದ ದಿನ ಬೀಗಿತ್ತಿಯ ಸೇಬಿನ ತೋಟ ಪೂರ್ತಿ ಸತ್ತು ನಿಂತಿತ್ತು. ಒಂದು ಮರದಲ್ಲೂ ಒಂದೆಲೆ ಇಲ್ಲ. ನೆಲದ ತುಂಬ ಹಿಮ, ಅದರೊಳಗಿಂದ ಕರೀ ಕಡ್ಡಿಗಳು. ನಮ್ಮ ಮೇಲೂರಲ್ಲಿ ತೋಟ ಹೀಗೆ ನಿಂತರೆ ಮನೆಯವರು ತಲೆ ಮೇಲೆ ಕೈ ಹೊತ್ತು ಕೂರ್ತಾರೆ. ಬೀಗಿತ್ತಿ ಆರಾಮಾಗಿ ಟೀ ಕುಡೀತಿದ್ದಳು.

"ಸತ್ತಿಲ್ಲಮ್ಮ, ಮಲಗಿವೆ," ಅಂದಳು ಮಗಳು ಮಂಜುಳ.

ಮರ ಮಲಗುತ್ತೆ ಅನ್ನೋದನ್ನ ಅರವತ್ತು ದಾಟಿದ ಮೇಲೆ ಕೇಳಿದೆ.

ಮಂಜುಳ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸು, ಗಂಡ ಈ ಊರಿನವನೇ. ಅತ್ತೆಗೆ ತೋಟದ ಕೆಲಸವೇ ಸಾಕಷ್ಟು, ಅದಕ್ಕೆ ಕೂಸು ನೋಡ್ಕೊಳ್ಳೋಕೆ ನನ್ನ ಕರೆಸಿಕೊಂಡಳು. ಊರಲ್ಲಿದ್ದ ಒಂದೆಕರೆ ಹಿಪ್ಪುನೇರಳೆ ತೋಟವನ್ನ ಮೈದುನನ ಮಗ ರವಿಗೆ ಒಪ್ಪಿಸಿ ಬಂದೆ. ಇಲ್ಲಿ ಮರದ ಮನೆ. ಕೆಳಗೆ ಹಸು, ಮೇಲೆ ನಾವು. ನಡುಕೋಣೆಯಲ್ಲಿ ಚಿಮಣಿ ಇಟ್ಟ ತಗಡಿನ ಒಲೆ, ಅದಕ್ಕೆ ತಂದೂರ್ ಅಂತಾರೆ. ಅದರ ಪಕ್ಕ ಬಿಟ್ಟು ಎದ್ದರೆ ಮೂಳೆ ಕಟಕಟ. ಚಿಂತಾಮಣಿ ಸಂತೆಯಲ್ಲಿ ಕನ್ನಡ, ತೆಲುಗು ಎರಡರಲ್ಲೂ ಜಗಳ ಆಡಿ ಗೆದ್ದವಳು ನಾನು. ಇಲ್ಲಿ ಉಪ್ಪು ಕೇಳೋಕೂ ಕೈಸನ್ನೆ.

ಸುಮ್ಮನೆ ಕೂತು ತಿನ್ನೋದು ನನ್ನ ಕೈಲಾಗಲ್ಲ. ಅಡುಗೆಮನೆ ಹಿಂದೆ ತೋಳು ದಪ್ಪದ ಒಂದು ಮರ ಇತ್ತು. ಬೇರೆ ಸೇಬಿನ ಮರಗಳನ್ನೆಲ್ಲ ಬೀಗಿತ್ತಿ ಅಷ್ಟಷ್ಟು ಸವರಿದ್ದಳು, ಇದನ್ನ ಮುಟ್ಟಿರಲಿಲ್ಲ. ಬರೀ ಕಡ್ಡಿಪೊದೆ, ಅದರಲ್ಲಿ ಗೋಲಿಯಷ್ಟು ಸುಕ್ಕುಗಟ್ಟಿದ ಕಾಯಿ. ಕಚ್ಚಿದೆ; ಹುಣಸೆಗಿಂತ ಹುಳಿ. ಕಾಡುಮರ, ಯಾರೂ ದಿಕ್ಕಿಲ್ಲ ಅಂದುಕೊಂಡೆ. ಅವರೆಲ್ಲ ಮದುವೆಗೆ ಹೋದ ದಿನ ಕೂಸನ್ನ ಮಲಗಿಸಿ, ಗರಗಸ ತಗೊಂಡು, ಮೊಣಕಾಲೆತ್ತರಕ್ಕೆ ಕೊಯ್ದು ಹಾಕಿದೆ. ನಲವತ್ತು ವರ್ಷ ಹಿಪ್ಪುನೇರಳೆಗೆ ಮಾಡಿದ್ದು ಅದನ್ನೇ. ರೇಷ್ಮೆ ಹುಳಕ್ಕೆ ಸೊಪ್ಪು ಮುಗೀತಾ, ಕುಡುಗೋಲು ತಗೊಂಡು ಮೋಟು ಬಿಟ್ಟು ಕೊಯ್ಯಿ, ಗೊಬ್ಬರ ಹಾಕು, ನೀರು ಬಿಡು. ನುಗ್ಗಿ ಬರುತ್ತೆ.

ಬಂದು ನೋಡಿದ ಬೀಗಿತ್ತಿ ಬಯ್ಯಲಿಲ್ಲ. ಗರಗಸ ಒರೆಸಿ, ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು.

ಬಯ್ದವಳು ಮಂಜುಳ. "ಯಾರಮ್ಮ ಹೇಳಿದ್ದು ನಿಂಗೆ? ಅದು ಕ್ರ್ಯಾಬ್ ಸೇಬು ಕಣಮ್ಮ. ಅದರ ಹೂವಿನ ಪುಡಿ ಸಿಗದಿದ್ರೆ ಈ ಸೇಬೆಲ್ಲ ಕಾಯಿ ಕಟ್ಟಲ್ಲ."

"ಚಿಗುರುತ್ತೆ ಬಿಡೇ."

"ಚಿಗುರಿದ್ರೆ ಎಲೆ ಬರುತ್ತೆ. ಎಲೆ ತಗೊಂಡು ಏನ್ಮಾಡ್ತೀಯ? ಹುಳ ಮೇಯಿಸ್ತೀಯ?"

ನಾನು ಕೊಯ್ದ ಕೊಂಬೆಯ ಕಾಯಿ ಹೆಕ್ಕಿ, ಹುಣಸೆ ಬದಲು ಸಾರಿಗೆ ಹಾಕಿದೆ. ಬೀಗಿತ್ತಿ ಎರಡು ಸಲ ಬಡಿಸ್ಕೊಂಡಳು, ಮುಖ ಮಾತ್ರ ಎತ್ತಲಿಲ್ಲ.

ಚಳಿ ಕಳೆದು ಸೇಬಿಗೆ ಹೂ ಬಂತು. ಆಗ ಗೊತ್ತಾಯ್ತು ನಾನು ಮಾಡಿದ್ದು ಏನು ಅಂತ. ಊರವರೆಲ್ಲ ಕ್ರ್ಯಾಬ್‌ನ ಹೂವಿರೋ ಕೊಂಬೆ ಕತ್ತರಿಸಿ, ನೀರು ತುಂಬಿದ ಬಾಟಲಿಗಳಲ್ಲಿಟ್ಟು, ಸೇಬಿನ ಮರಕ್ಕೆ ನೇತು ಹಾಕ್ತಾರೆ. ಜೇನು ಅಲ್ಲಿಂದಿಲ್ಲಿಗೆ ಹಾರಿ ಪುಡಿ ಸೋಕಿಸಬೇಕು. ನಮ್ಮನೆಯಲ್ಲಿ ಬಾಟಲಿ ಇತ್ತು, ಹೂವಿಲ್ಲ. ಬೀಗಿತ್ತಿ ಶಾಲು ಹೊದ್ದು ಪಕ್ಕದ ಮನೆಗೆ ಕೇಳೋಕೆ ಹೋದಳು. ಆ ಮನೆಯವಳ ಜೊತೆ ಮಾತು ಬಿಟ್ಟು ಎಷ್ಟೋ ವರ್ಷ ಆಗಿತ್ತಂತೆ. ನಾಲ್ಕು ಕೊಂಬೆ ಹಿಡ್ಕೊಂಡು ಬಂದಳು, ಅದೂ ಅರ್ಧ ಉದುರಿದ್ದು. ಆ ವರ್ಷ ಮರದಲ್ಲಿ ಕಾಯಿ ಹುಡುಕಬೇಕಿತ್ತು.

ಮೋಟು ಚಿಗುರಿತು. ಆಳೆತ್ತರ, ಬರೀ ಎಲೆ. ಮೇಲೂರಲ್ಲಾದರೆ ಭೇಷ್ ಅನ್ನೋರು. ಇಲ್ಲಿ ಬೀಗಿತ್ತಿ ಮುಕ್ಕಾಲು ಚಿಗುರು ಮುರಿದೆಸೆದು, ಉಳಿದವಕ್ಕೆ ದಾರದಲ್ಲಿ ಕಲ್ಲು ಕಟ್ಟಿ ಬಗ್ಗಿಸಿದಳು. ನಿಂತ ಕೊಂಬೆ ಎಲೆಗೆ, ಬಗ್ಗಿದ ಕೊಂಬೆ ಹೂವಿಗೆ ಅಂತೆ. ನಾನು ಕಲ್ಲು ಆರಿಸಿ ಕೊಟ್ಟೆ. ತಗೊಂಡಳು.

ನಡುವೆ ಒಂದು ಸಲ ಊರಿಗೆ ಹೋದೆ. ಹಿಪ್ಪುನೇರಳೆ ಇದ್ದ ಕಡೆ ಗುಲಾಬಿ. ಬೇರು ಸಮೇತ ಟ್ರ್ಯಾಕ್ಟರಲ್ಲಿ ಕಿತ್ತಿಸಿದ್ದ ರವಿ.

"ನೀನಂತೂ ಅಲ್ಲೇ ಸೆಟ್ಲ್ ಆದೆ. ಹುಳ ಸಾಕೋರು ಯಾರು ದೊಡ್ಡಮ್ಮ?"

"ನನ್ನ ಕುಡುಗೋಲು ಎಲ್ಲೋ?"

"ಯಾರೋ ಒಯ್ದಿರಬೇಕು. ಇನ್ನೇನು ಕೊಯ್ತೀಯ ಅದ್ರಲ್ಲಿ?"

ಮೋಟಿಂದ ಚಿಗುರಿಸಿದ್ದರೆ ಇನ್ನೂ ಎಷ್ಟೋ ವರ್ಷ ಬದುಕೋ ತೋಟ. ಮೊಣಕಾಲೆತ್ತರಕ್ಕೆ ಕೊಯ್ಯೋದು ಬೇರೆ, ಬೇರು ಕೀಳೋದು ಬೇರೆ. ಹೇಳಿ ಏನು ಪ್ರಯೋಜನ? ಅಲ್ಲಿ ಕೂತಿದ್ದಾಗಲೂ, ಇಲ್ಲಿ ಕಟ್ಟಿದ ಕಲ್ಲು ಗಾಳಿಗೆ ಬಿಚ್ಚಿತೇನೋ ಅನ್ನೋದೇ ತಲೇಲಿ.

ಮೂರು ವರ್ಷಕ್ಕೆ, ಮೊನ್ನೆ, ಕ್ರ್ಯಾಬ್ ಹೂ ಬಿಟ್ಟಿತು. ಬೆಳ್ಳಗೆ, ಕಡ್ಡಿಯೇ ಕಾಣದಷ್ಟು. ಬೀಗಿತ್ತಿ ಕತ್ತರಿ ಹಿಡ್ಕೊಂಡು ಬಂದಳು. ನಾನು ಕೈ ಚಾಚಿದೆ. ನನ್ನ ಕೈ ನೋಡಿದಳು, ಮರ ನೋಡಿದಳು. ನೀರಿನ ಬಕೆಟ್ ಎತ್ತಿ ನನ್ನ ಕೈಗಿಟ್ಟಳು.

ಅಲ್ಲಿ ಸೆಟ್ಲ್ ಆದ್ರಾ ಅಂತ ಊರವರು ಫೋನಲ್ಲಿ ಕೇಳ್ತಾರೆ. ಏನಂತ ಹೇಳಲಿ? ಮೇಲೂರಲ್ಲಿ ನನ್ನ ಕುಡುಗೋಲಿಲ್ಲ, ಇಲ್ಲಿ ಕತ್ತರಿ ನನ್ನ ಕೈಗೆ ಕೊಡಲ್ಲ. ಅವಳು ಕತ್ತರಿಸಿದಳು, ನಾನು ಹಿಡಿದೆ. ಒಂದು ಕೊಂಬೆಯನ್ನೂ ನೆಲಕ್ಕೆ ಬಿಡಲಿಲ್ಲ.