ಜಮಖಾನದ ಮೇಲೆ ಕೂರಲಾರದವರು

"ಅಜ್ಜಿ, ಮಂಡಿ ವಿಷಯ ಬಿಡಿ. ನೀವು ಹೇಗಿದ್ದೀರಾ?"

ಕಳೆದ ವಾರ ಮೂಳೆ ಡಾಕ್ಟರು ಹೀಗೆ ಕೇಳಿದರು. ಮೊಮ್ಮಕ್ಕಳೇ, ನಿಮ್ಮಜ್ಜಿ ಏನು ಮಾಡಿದಳು ಗೊತ್ತೇ? ಉತ್ತರ ಕೊಡುವ ಬದಲು ಅತ್ತುಬಿಟ್ಟಳು. ಪಕ್ಕದಲ್ಲಿ ಎಕ್ಸ್-ರೇ ಹಿಡಿದು ನಿಂತಿದ್ದ ನಿಮ್ಮಪ್ಪನ ಮುಖ ನೋಡಬೇಕಿತ್ತು.

ಡಾಕ್ಟರಮ್ಮ ಸಣ್ಣ ವಯಸ್ಸಿನವರು. ಕುರ್ಚಿ ಹತ್ತಿರ ಎಳೆದುಕೊಂಡು ಒಂದೊಂದೇ ಕೇಳಿದರು. ನಿದ್ದೆ ಬರುತ್ತಾ? ಊಟ ಸೇರುತ್ತಾ? ಯಾಕಾದರೂ ಬೆಳಗಾಯಿತೋ ಅನ್ನಿಸುತ್ತಾ? (ಅನ್ನಿಸುತ್ತೆ. ಅದು ಅವರಿಗೆ ಹೇಗೆ ಗೊತ್ತಾಯಿತೋ!) ಮಂಡಿ ಸವೆದವರಲ್ಲಿ ಬಹಳ ಮಂದಿಗೆ ಹೀಗಾಗುತ್ತದಂತೆ. ನೋವು ಮನಸ್ಸನ್ನು ಕುಗ್ಗಿಸುತ್ತದೆ, ಕುಗ್ಗಿದ ಮನಸ್ಸು ನೋವನ್ನು ಹೆಚ್ಚಿಸುತ್ತದೆ.

"ಇದಕ್ಕೂ ಔಷಧಿ ಇದೆ ಅಜ್ಜಿ. ಮೇಲಿನ ಫ್ಲೋರ್‌ನಲ್ಲೇ ಮನಸ್ಸಿನ ಡಾಕ್ಟರ್ ಇದಾರೆ. ಮುಂದಿನ ಮಂಗಳವಾರ ಬನ್ನಿ."

ನಿಮ್ಮಪ್ಪ ಎಕ್ಸ್-ರೇಯನ್ನು ಕವರಿಗೆ ತುರುಕಿದ. "ಮೇಡಂ, ನಮ್ಮನೇಲಿ ಅಂಥದ್ದೆಲ್ಲ ಇಲ್ಲ. ಬರೀ ಮಂಡಿ ನೋವು. ಭಾನುವಾರ ದೊಡ್ಡ ಮಗಳನ್ನ ನೋಡೋಕೆ ಬರ್ತಿದಾರೆ. ಯಾರಾದ್ರೂ ಕೇಳಿಸ್ಕೊಂಡ್ರೆ ಏನಂದ್ಕೊಳ್ಳಲ್ಲ?"

ಅವನನ್ನು ಏಕೆ ಬೈಯಲಿ? ಹೆಣ್ಣು ತರುವಾಗ, ಕೊಡುವಾಗ ಕುಂದಲಹಳ್ಳಿಯ ನಾವು ಮೊದಲು ವಿಚಾರಿಸುವುದೇ ಅದನ್ನು: ಆ ಮನೆಯಲ್ಲಿ ಯಾರಿಗಾದರೂ ತಲೆ ಕೆಟ್ಟಿದೆಯಾ? ರಾಗಿ ಹೊಲದ ಮೇಲೆ ಟೆಕ್ ಪಾರ್ಕ್ ಎದ್ದಿತು. ಪ್ರಶ್ನೆ ಮಾತ್ರ ಹಾಗೇ ಇದೆ. (ಪತ್ರಿಕೆಯ ಈ ಅಂಕಣಕ್ಕೆ ನನ್ನ ಹೆಸರು ಹಾಕದಿರುವುದು ಒಳ್ಳೆಯದೇ ಆಯಿತು. ನಿಮ್ಮಪ್ಪ ಹೇಗೂ ಓದುವುದಿಲ್ಲ.)

ನಾನಿರುವುದು ನಮ್ಮದೇ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ. ಕೆಳಗೆಲ್ಲ ಬಾಡಿಗೆಯವರು. ಲಿಫ್ಟಿಗೆಂದು ಬಿಟ್ಟಿದ್ದ ಜಾಗದಲ್ಲಿ ಇನ್ನೊಂದು ರೂಮ್ ಎದ್ದಿತು, ಅದಕ್ಕೂ ಬಾಡಿಗೆಯವರು ಬಂದರು. ಆಸ್ಪತ್ರೆಗೆ ಹೋಗುವುದು ಬಿಟ್ಟರೆ ನಾನು ಮೆಟ್ಟಿಲಿಳಿಯುವುದಿಲ್ಲ. ಹಳೇ ಮನೆಯ ಜಗುಲಿಯಲ್ಲಿ ಸೊಪ್ಪು ಬಿಡಿಸುತ್ತ ಬೀದಿಯವರನ್ನೆಲ್ಲ ಮಾತಾಡಿಸುತ್ತಿದ್ದವಳು ಈಗ ಬಾಲ್ಕನಿಯಿಂದ ಕ್ಯಾಬ್‌ಗಳ ನೆತ್ತಿ ನೋಡುತ್ತೇನೆ.

ಭಾನುವಾರ ಗಂಡಿನ ಕಡೆಯವರು ಬಂದರು. (ಯಾವ ಊರೆಂದು ಬರೆಯುವುದಿಲ್ಲ.) ಸೋಫಾ ಸರಿಸಿ ಹಾಲ್‌ನಲ್ಲಿ ಜಮಖಾನ ಹಾಸಿದ್ದರು. ತಾಂಬೂಲದ ಮಾತು ನೆಲದ ಮೇಲೆ ಕೂತೇ ಆಗಬೇಕು, ಅದು ನಮ್ಮ ಪದ್ಧತಿ. ನೆಲಕ್ಕೆ ಕೂರಲಾರದ ನನ್ನನ್ನು ಒಳಗಿನ ರೂಮಿನ ಮಂಚದ ಮೇಲೆ ಕೂರಿಸಿದರು. (ಗಂಡನಿಲ್ಲದವಳು ಎದುರಿಗಿರುವುದು ಬೇಡವೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಮಂಡಿಯಿಂದ ಅಷ್ಟು ಅನುಕೂಲ.)

ಸ್ವಲ್ಪ ಹೊತ್ತಿಗೆ ಗಂಡಿನ ಅಜ್ಜಿಯನ್ನೂ ಕರೆತಂದು ನನ್ನ ಪಕ್ಕ ಕೂರಿಸಿದರು. ಅವರಿಗೂ ನೆಲಕ್ಕೆ ಕೂರಲಾಗದು. ಇಬ್ಬರ ಕೈಗೂ ಕೇಸರಿಬಾತ್ ತಟ್ಟೆ ಕೊಟ್ಟು ಹೋದರು.

"ಉಸ್ಸಪ್ಪಾ! ಅದೇನಕ್ಕಾ ನಿಮ್ಮ ಮನೆ? ಶಿವಗಂಗೆ ಬೆಟ್ಟ ಅತ್ತಿದಂಗಾಯ್ತು" ಎಂದರು ಆಕೆ. ನಕ್ಕುಬಿಟ್ಟೆ. ನಕ್ಕು ಎಷ್ಟು ಕಾಲವಾಗಿತ್ತೋ.

"ಎಂಗೈತೆ ಮಂಡಿ?"

"ನೋಯ್ತದೆ. ನಿಮ್ದು?"

"ಅದಿದ್ದಿದ್ದೇ ಬಿಡು." ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಅಕ್ಕಾ, ನಿದ್ದೆ ಬತ್ತದಾ ನಿಂಗೆ?"

ಇಲ್ಲವೆಂದು ತಲೆಯಾಡಿಸಿದೆ.

"ನಂಗೂ ಇಲ್ಲ. ಮನ್ಸಿಗೆ ಅಂತ ಡಾಕ್ಟ್ರು ಮಾತ್ರೆ ಕೊಟ್ಟವ್ರೆ. ನೆಂಟ್ರು ನೋಡ್ಬಾರ್ದು ಅಂತ ಸೊಸೆ ಅದನ್ನ ಕ್ಯಾಲ್ಸಿಯಂ ಡಬ್ಬಿಗೆ ಆಕವ್ಳೆ. ಯಾರು ಕೇಳಿದ್ರೂ ಮಂಡಿ ನೋವು ಅನ್ನು ಅಂದವ್ರೆ."

"ನಮ್ಮನೇಲೂ ಅಂಗೇ."

ಆಕೆ ನನ್ನ ಕೈ ಹಿಡಿದುಕೊಂಡರು. ಅಷ್ಟರಲ್ಲಿ ಹಾಲ್‌ನಿಂದ, ಈ ಸಂಬಂಧ ತಂದಿದ್ದ ನೆಂಟರೊಬ್ಬರ ದನಿ ಕೇಳಿಸಿತು. "ಎರಡು ಕಡೇಲೂ ವಿಚಾರಿಸಿದೀನಿ ಕಣ್ರೀ! ಯಾರಿಗೂ ತಲೆ ಕೆಟ್ಟಿಲ್ಲ. ಅಜ್ಜಿಯರ ಮಂಡಿ ನೋವು ಬಿಟ್ರೆ ಒಂದು ಕಾಯಿಲೆ ಇಲ್ಲ. ತಾಂಬೂಲದ ತಟ್ಟೆ ಬದಲಾಯಿಸ್ಕೊಳ್ಳಿ ಅತ್ಲಾಗೆ."

ಎಲ್ಲರೂ ನಕ್ಕರು. ನಮ್ಮಿಬ್ಬರ ಕೇಸರಿಬಾತ್ ತಟ್ಟೆಯಲ್ಲೇ ತಣ್ಣಗಾಗಿತ್ತು.

ಮಂಗಳವಾರ ಬಂತು. ಒಳ್ಳೆಯ ಸೀರೆ ಉಟ್ಟು ಕೂತಿದ್ದೆ. "ಮದುವೆ ಮುಗೀಲಮ್ಮ, ಆಮೇಲೆ ನೋಡೋಣ" ಎಂದು ನಿಮ್ಮಪ್ಪ ಗಾಡಿ ಕೀ ತೆಗೆದುಕೊಂಡು ಹೋದ.

ಆಮೇಲೆ ಯಾವಾಗ? ದೊಡ್ಡವಳದಾದರೆ ಚಿಕ್ಕವಳದು, ಅದಾದರೆ ಹುಡುಗನದು. ಮೊಮ್ಮಕ್ಕಳೇ, ನಿಮ್ಮ ಮೂವರ ಮದುವೆಯೂ ಮುಗಿಯುವ ತನಕ ನಿಮ್ಮಜ್ಜಿಗೆ ಬರೀ ಮಂಡಿ ನೋವು.