ಅತ್ತೆಯ ಕೊಳಕ್ಕೆ ಬೋರ್ಡೋ

ನಮ್ಮ ಮನೆಯ ಹಿತ್ತಲಲ್ಲಿ ಈಜುಕೊಳವಿದೆ ಎಂದರೆ ಯಲ್ಲಾಪುರ ಪೇಟೆಯಲ್ಲಿ ಈಗಲೂ ಜನ ನನ್ನ ಮುಖ ನೋಡುತ್ತಾರೆ. ನೋಡಲಿ. ಅದರಲ್ಲಿ ಈಜುವವರು ಯಾರೂ ಇಲ್ಲ. ನನ್ನ ಅತ್ತೆ ನಡೆಯಲೆಂದು ಕಟ್ಟಿಸಿದ್ದು ಅದು. ಅವರ ಎರಡೂ ಮಂಡಿ ಸವೆದ ಮೇಲೆ, ಎದೆಮಟ್ಟದ ನೀರಿನಲ್ಲಿ ನಡೆಸಿ ಎಂದರು ಶಿರಸಿಯ ಡಾಕ್ಟರು. ನೆಲದ ಮೇಲೆ ವಾಕರ್ ಹಿಡಿದು ಬಚ್ಚಲಿಗೆ ಹೋಗುವಷ್ಟರಲ್ಲಿ ಸುಸ್ತಾಗುವ ಅತ್ತೆ, ನೀರಿಗಿಳಿದರೆ ನೋವಿಲ್ಲದೆ ಓಡಾಡುತ್ತಿದ್ದರು.

ಮಳೆಗಾಲವಿಡೀ ಕೊಳಕ್ಕೆ ತಾಡಪತ್ರೆ ಮುಚ್ಚಿರುತ್ತೇವೆ. ಈ ಸಲದ ಮಳೆಯೋ, ದೀಪಾವಳಿ ಬಂದರೂ, ಜಪ್ಪಯ್ಯ ಎಂದರೂ ಬಿಡಲಿಲ್ಲ. ಅಷ್ಟರಲ್ಲಿ ಅತ್ತೆಯ ಕಾಲು ಬಿಗಿದು ಕಟ್ಟಿಗೆಯಾಗಿತ್ತು.

"ಈ ವರ್ಷ ನೀರಿಗೆ ಇಳಿಯಲೆ ಆಗ್ತೋ ಇಲ್ಯೋ, ಕೂಸೆ," ಎಂದು ದಿನಾ ಕೇಳುತ್ತಿದ್ದರು. ನನಗೂ ಅದೇ ಹೆದರಿಕೆ.

ಅಂತೂ ತಾಡಪತ್ರೆ ತೆಗೆದರೆ ನೀರೆಲ್ಲ ಹಾವಸೆ ಕಟ್ಟಿ ಹಸಿರು. ಹುಬ್ಬಳ್ಳಿಯಿಂದ ಕ್ಲೋರಿನ್ ತರಿಸಿ ಎಂದು ಯಜಮಾನರಿಗೆ ಹೇಳಿದೆ.

"ಅದ್ಕೆ ಹುಬ್ಬಳ್ಳಿಗೆ ಎಂತಕ್ಕೆ ಹೋಗವು? ಮೈಲುತುತ್ತ ಮನೇಲೇ ಇದ್ದಲೆ!"

ತಮಾಷೆ ಎಂದುಕೊಂಡು ವಜ್ರಳ್ಳಿಯ ತವರಿಗೆ ಹೋದೆ. ಸಂಜೆ ಬಂದು ನೋಡಿದರೆ, ಶಿವನೇ! ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಕಲೆಸುವ ಹಾಗೆ ಒಂದು ಡ್ರಮ್ಮಿನಲ್ಲಿ ಮೈಲುತುತ್ತ, ಇನ್ನೊಂದರಲ್ಲಿ ಸುಣ್ಣ ಕದಡಿ, ಎರಡನ್ನೂ ಕೊಳಕ್ಕೆ ಸುರಿದುಬಿಟ್ಟಿದ್ದರು. ನೀರು ನೀಲಿ ನೀಲಿ. ಪಕ್ಕದಲ್ಲಿ ಇವರು ಮದುವೆ ಮುಗಿಸಿದ ಹೆಣ್ಣಿನಪ್ಪನ ಹಾಗೆ ನಿಂತಿದ್ದರು.

"ಹಾವಸೆ ಒಂದು ಎಳೆ ಇಲ್ಲೆ, ನೋಡು!"

"ಹೆತ್ತ ತಾಯಿಯನ್ನ ಔಷಧಿಯಲ್ಲಿ ಅದ್ದಿ ತೆಗೀತ್ರಾ?" ಎಂದು ಕೂಗಿದೆ. ನನ್ನ ಬಾಯಿ ಊರಿಗೇ ಗೊತ್ತು.

ಕೇಳಿಸಿಕೊಂಡ ಅತ್ತೆ ಕಿಟಕಿಯಿಂದಲೇ ಮಗನನ್ನು ಕರೆದರು. "ತಮಾ, ಆನು ಎಂತ ಅಡಕೆ ಮರವಾ? ಎಂಗೆ ಎಂತ ಕೊಳೆ ಬಂಜಾ?"

ಅತ್ತೆ ಅಡಿಕೆ ಮರ, ಅವರಿಗೆ ಕೊಳೆರೋಗ! ನಾನು ನಕ್ಕುಬಿಟ್ಟೆ. ಅತ್ತೆ ನಗಲಿಲ್ಲ. ನೀರಿಗಿಳಿಯುವ ಹಳೆ ಸೀರೆ ಆಗಲೇ ಉಟ್ಟು ಕುಳಿತಿದ್ದರು ಪಾಪ. ಅದನ್ನು ಬಿಚ್ಚಿ ಮಡಿಸಿ, ಗೋಡೆ ಕಡೆ ತಿರುಗಿ ಮಲಗಿದರು.

ಮೀನಿರುವ ಹಳ್ಳಕ್ಕೆ ಆ ನೀರು ಬಿಡುವಂತಿಲ್ಲ. ಯಜಮಾನರು ಪಂಪು ಹಚ್ಚಿ ಬೋಳುಗುಡ್ಡಕ್ಕೆ ಹಾಯಿಸಿದರು, ತಳ ತಿಕ್ಕಿದರು, ಮತ್ತೆ ಬೆಟ್ಟದ ಒರತೆ ನೀರಿನ ಪೈಪು ಬಿಟ್ಟರು. ಸಣ್ಣ ಧಾರೆ, ತುಂಬಲು ವಾರದ ಮೇಲಾಯಿತು.

ಇಳಿಯುವ ದಿನ ಮೊದಲ ಮೆಟ್ಟಿಲಿನಲ್ಲೇ ಅತ್ತೆಗೆ ಕಾಲು ಮಡಿಸಲಾಗಲಿಲ್ಲ. ವಾಪಸು ಹೋಗೋಣ ಎಂದೆ. ಅವರು ಅವುಡುಗಚ್ಚಿ, ಮಗನ ಹೆಗಲಿಗೆ ಭಾರ ಹಾಕಿ, ಕುಂಡೆಯೂರಿ ಕುಳಿತು ಒಂದೊಂದೇ ಮೆಟ್ಟಿಲು ಜಾರಿ ಇಳಿದರು. ನೀರು ಎದೆಗೆ ಬಂದದ್ದೇ ಎದ್ದು ನಿಂತರು. ಸ್ವಲ್ಪ ಹೊತ್ತು ನನ್ನ ಕೈ ಹಿಡಿದಿದ್ದರು, ಆಮೇಲೆ ಬಿಟ್ಟರು. ಆಚೆ ಗೋಡೆ ಮುಟ್ಟಿ ಬಂದರು, ಮತ್ತೆ ಹೋದರು.

ಬಿಸಿಲು ಇಳಿಯಿತು. "ಸಾಕು ಅತ್ತೆ, ಬನ್ನಿ, ಚಳಿ ಆಗ್ತು," ಎಂದೆ.

"ತಡಿಯೆ. ಮೇಲೆ ಬಂದ್ರೆ ಮತ್ತೆ ಮುದುಕಿ ಆಗೋಗ್ತೆ."